ಅಂಜಿನಮ್ಮ ಕೇಳಿದ ಹೂ

ಹೂ ಇನ್ನೂ ಬಿದ್ದಿರಲಿಲ್ಲ. ಬಾಗಲಗುಂಟೆಯ ಮುತ್ಯಾಲಮ್ಮನ ಗುಡಿಯಲ್ಲಿ ಅಂಜಿನಮ್ಮ ಕೈಮುಗಿದು ನಿಂತು ಬಹಳ ಹೊತ್ತಾಗಿತ್ತು. ಪೂಜಾರಿ ಚಿಕ್ಕಹನುಮಯ್ಯ ಸೇವಂತಿಗೆಯ ಎಸಳುಗಳನ್ನು ನೀರಿನಲ್ಲಿ ಅದ್ದಿ ಅಮ್ಮನವರ ಎರಡೂ ಭುಜಗಳಿಗೆ ಅಂಟಿಸಿ, ತಾನು ಪಕ್ಕಕ್ಕೆ ಸರಿದು ಬತ್ತಿ ಹೊಸೆಯುತ್ತಿದ್ದ. ಮನಸ್ಸಿನಲ್ಲಿ ಕೇಳಿಕೊಂಡದ್ದು ಆಗುವುದಾದರೆ ಬಲಗಡೆಯ ಹೂ ಬೀಳಬೇಕು, ಆಗದಿದ್ದರೆ ಎಡಗಡೆಯದು. ಹಿಂದೆ ಸರದಿಗಾಗಿ ಕಾಯುತ್ತಿದ್ದ ಇಬ್ಬರು ಹೆಂಗಸರು ಕಾಲು ಬದಲಿಸುತ್ತಿದ್ದರು. ಹೊರಗೆ ಗುಡಿಯ ಬಾಗಿಲಿಗೇ ಅಡ್ಡ ನಿಂತ ಆಟೋವೊಂದನ್ನು ಹಿಂದಿನ ಗಾಡಿಯವನು ಹಾರ್ನ್ ಹೊಡೆದು ಬೈಯುತ್ತಿದ್ದ. ಆ ಗದ್ದಲದಲ್ಲೇ ಬಲಭುಜದ ಎಸಳು ಜಾರಿ ಅಮ್ಮನವರ ಮಡಿಲಿಗೆ ಬಿತ್ತು.

"ಬಲಗಡೆ ಕೊಟ್ಲು ನೋಡು," ಎಂದು ಚಿಕ್ಕಹನುಮಯ್ಯ ಎಸಳನ್ನು ಎತ್ತಿ ಅವಳ ಸೆರಗಿಗೆ ಹಾಕಿದ. "ಮಗನ ಇಸ್ಯ ತಾನೆ? ಓಗು, ಕಮಾಂಡೋ ಆಗೇ ಬತ್ತಾನೆ."

ಹಿಂದಿನ ಹೆಂಗಸರೂ ಮುಖ ಅರಳಿಸಿದರು. ಅಂಜಿನಮ್ಮ ಎಸಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಯಾರ ಮುಖವನ್ನೂ ನೋಡದೆ ಹೊರಬಂದಳು. ಮಗ ಪಾಸಾಗಬಾರದು ಎಂದು ಅವಳು ಕೇಳಿದ್ದಳು.

ಅವಳ ಗಂಡ ವೆಂಕಟಸ್ವಾಮಿಯದು ಓಲಗದ ಮನೆತನ. ಹೆಸರಘಟ್ಟ ರಸ್ತೆಯ ಉದ್ದಕ್ಕೂ ಇರುವ ಛತ್ರಗಳಲ್ಲಿ ಅವನ ನಾದಸ್ವರ ಕೇಳದೆ ತಾಳಿ ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಕಡಿಮೆ. ಮೀಸೆ ಮೂಡುವ ಮೊದಲೇ ಮಗ ಗೋಕುಲ್ ಅಪ್ಪನ ಪಕ್ಕದಲ್ಲಿ ಕೂತು ಊದತೊಡಗಿದ್ದ. ರಿಸೆಪ್ಷನ್ನಿನಲ್ಲಿ ಅವನು ಸಿನಿಮಾ ಹಾಡು ಎತ್ತಿಕೊಂಡರೆ ಊಟಕ್ಕೆ ಹೊರಟವರು ಮೊಬೈಲು ಹಿಡಿದು ನಿಲ್ಲುತ್ತಿದ್ದರು. "ಮಗನ್ನೂ ಕರ್ಕೊಂಡು ಬನ್ನಿ" ಎಂದು ಬೀಗರು ಮುಂಚಿತವಾಗಿ ಹೇಳಿ ಕಳಿಸುವಷ್ಟು ಹೆಸರಾಗಿತ್ತು. ಆಮೇಲೆ ಸೇನೆಯ ಬ್ಯಾಂಡಿಗೆ ಆಳು ತೆಗೆದುಕೊಳ್ಳುತ್ತಾರೆಂದು ಯಾರೋ ಹೇಳಿದರು, ಹೋದ, ಸಿಕ್ಕಿಬಿಟ್ಟ. ಕೈಗೆ ಕ್ಲಾರಿನೆಟ್ ಬಂತು. ವೆಂಕಟಸ್ವಾಮಿ ಒಂದಷ್ಟು ದಿನ ಮುಖ ಗಂಟಿಕ್ಕಿಕೊಂಡಿದ್ದು, ಕೊನೆಗೆ ಅದೂ ಊದುವ ಕೆಲಸವೇ ಅಲ್ಲವೇ ಎಂದು ತಾನೇ ಸಮಾಧಾನ ಮಾಡಿಕೊಂಡ. ಪೆರೇಡಿನ ಫೋಟೋ ಗೋಡೆಗೆ ಬಂತು.

ಈಗ ಆ ಹುಡುಗ ಬ್ಯಾಂಡು ಬಿಟ್ಟು, ವಿಮಾನದಿಂದ ಹಾರುವ ಕಮಾಂಡೋ ಪಡೆಗೆ ತಾನೇ ಹೆಸರು ಕೊಟ್ಟಿದ್ದ. ಹಿಂದಿನ ರಜಕ್ಕೆ ಬಂದಾಗ, ಅವಳು ರೊಟ್ಟಿ ತಟ್ಟುತ್ತಿದ್ದಾಗ, ಒಲೆಯ ಕಟ್ಟೆಗೆ ಒರಗಿ ನಿಂತು ಹೇಳಿದ್ದ. ಮೂರು ತಿಂಗಳು ಪರೀಕ್ಷೆ, ಫೋನು ಕೊಡುವುದಿಲ್ಲ, ಊಟ ನಿದ್ದೆ ಅಷ್ಟಕ್ಕಷ್ಟೇ ಎಂದ. ಊದುವುದು ಸಾಕಾಯಿತೇನಪ್ಪ ಎಂದು ಅವಳು ಕೇಳಿದಳು.

"ಇಲ್ಲಿ ಮದುವೆ ಅವರದ್ದು, ಊದೋದು ನಾವು. ಅಲ್ಲಿ ಪೆರೇಡಲ್ಲಿ ನಡೆಯೋದು ಅವರು, ಊದೋದು ನಾವು," ಎಂದ. "ಒಂದ್ ಸಲ ನಾನೂ ನಡೀಬೇಕಮ್ಮ."

"ನಡೆಯೋಕೆ ರಸ್ತೆ ಇಲ್ವಾ? ಆಕಾಶದಿಂದ ಬೀಳ್ಬೇಕಾ?"

ಅವನು ನಕ್ಕ. ತವೆಯ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚಿದ. "ಯಾಕೆ ಅಷ್ಟೊಂದ್ ಯೋಚ್ನೆ ಮಾಡ್ತೀಯ? ಹೋದೋರಲ್ಲಿ ಮುಕ್ಕಾಲು ಜನಾನ ವಾಪಸ್ ಕಳಿಸ್ತಾರೆ. ಫೇಲಾದ್ರೆ ಮತ್ತೆ ಬ್ಯಾಂಡಿಗೇ ಹೋಗ್ತೀನಿ."

ಅವಳನ್ನು ಸಮಾಧಾನ ಮಾಡಲು ಆಡಿದ ಆ ಕೊನೆಯ ಮಾತು ಅವಳ ಮನಸ್ಸಿನಲ್ಲಿ ಮನೆ ಮಾಡಿತು. ಫೇಲಾದರೆ ಬ್ಯಾಂಡು, ಬ್ಯಾಂಡಾದರೆ ಕ್ಲಾರಿನೆಟ್ಟು, ಒಗೆದ ಬಟ್ಟೆ, ಹೊತ್ತಿಗೆ ಊಟ, ವರ್ಷಕ್ಕೊಂದು ಫೋಟೋ. ವೆಂಕಟಸ್ವಾಮಿಯಂತೂ ಮಗನಿಗೆ ಬುದ್ಧಿಯನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. ಹೊರಡುವ ದಿನ ಕ್ಲಾರಿನೆಟ್ ಎಲ್ಲಿ ಎಂದು ಕೇಳಿದ. ಸ್ಟೋರಿಗೆ ಒಪ್ಪಿಸಿದೆ ಎಂದು ಗೋಕುಲ್ ಹೇಳಿದ. "ಹೂಂ" ಎಂದು ಅಪ್ಪ ಅಂಗಳಕ್ಕೆ ಹೋದ. ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ.

ಹೂ ಸಿಕ್ಕಿದ ಮೇಲೆ ಅಂಜಿನಮ್ಮನಿಗೆ ಮೈ ಹಗುರಾಯಿತು. ಅವಳು ಮನೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಕಿಟಕಿಯ ಸರಳಿಗೆ ಸೆರಗು ಸಿಕ್ಕಿಸಿಕೊಂಡು ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಎದುರುಮನೆಯ ರಮಾ ರೇಷ್ಮೆ ಸೀರೆ ತಂದುಕೊಟ್ಟು, "ಕಮಾಂಡೋ ಅಮ್ಮ, ನನಗೆ ಮಾತ್ರ ಬೇಗ ಕೊಡ್ಬೇಕು" ಎಂದು ತಮಾಷೆ ಮಾಡಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಪಾಪ, ಬೇರೆಯವರಿಗೆ ಏನು ಗೊತ್ತು ಎಂದುಕೊಳ್ಳುತ್ತಿದ್ದಳು.

ಒಂದು ದಿನ ವೆಂಕಟಸ್ವಾಮಿ ಸುದ್ದಿ ತಂದ. ಗೋಕುಲ್ ಜೊತೆ ಅದೇ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದ, ಅವನ ಜೊತೆಗೇ ಕಮಾಂಡೋ ಪರೀಕ್ಷೆಗೆ ಹೋಗಿದ್ದ ಆರ್.ಟಿ. ನಗರದ ನದೀಮ್ ವಾಪಸ್ ಬಂದಿದ್ದಾನಂತೆ. ವೆಂಕಟಸ್ವಾಮಿಗೆ ಮುಹೂರ್ತವಿತ್ತು. ಅಂಜಿನಮ್ಮ ಒಬ್ಬಳೇ ಆಧಾರ್ ಕಾರ್ಡು ಹಿಡಿದು ಬಸ್ಸು ಹತ್ತಿದಳು. ಯಶವಂತಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಅವಳಿಗೆ ಒಳಗೊಳಗೇ ಸಂತೋಷ. ಒಬ್ಬ ಬಂದನೆಂದರೆ ಇನ್ನೊಬ್ಬನೂ ಬರುತ್ತಾನೆ. ಮೇಖ್ರಿ ಸರ್ಕಲ್ಲಿನ ಹತ್ತಿರ ಬಸ್ಸು ನಿಂತೇ ಇದ್ದಾಗಲೂ ಬೇಸರವಾಗಲಿಲ್ಲ.

ನದೀಮನ ಮನೆ ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಅವನು ದಿವಾನದ ಮೇಲೆ ಒಂದು ಕಾಲನ್ನು ನೀಳವಾಗಿ ಚಾಚಿ ಕೂತಿದ್ದ. ತೊಡೆಯಿಂದ ಪಾದದವರೆಗೆ ಕಟ್ಟು ಹಾಕಿದ್ದರು.

"ಬನ್ನಿ ಆಂಟಿ. ಏಳಕ್ಕಾಗಲ್ಲ, ಬೇಜಾರ್ ಮಾಡ್ಕೋಬೇಡಿ," ಎಂದವನು ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಮಾತಾಡಿದ. ಕೈ ಸರಿದಾಗ ನೋಡಿದಳು. ಮೇಲಿನ ಸಾಲಿನ ಮುಂದಿನ ಹಲ್ಲುಗಳಿರಲಿಲ್ಲ. ಹಗ್ಗದಿಂದ ಜಾರಿ ಬಂಡೆಯ ಮೇಲೆ ಮುಖ ಅಡಿಯಾಗಿ ಬಿದ್ದದ್ದನ್ನು ಅವನು ಬೇರೆ ಯಾರಿಗೋ ಆದಂತೆ ಹೇಳಿದ. ಬ್ಯಾಂಡಿಗೆ ಯಾವಾಗ ಹೋಗುತ್ತೀಯ ಎಂದು ಅವಳು ಕೇಳಿದಳು.

"ಟ್ರಂಪೆಟ್‌ಗೆ ಮುಂದಿನ ಹಲ್ಲೇ ಆಧಾರ ಆಂಟಿ. ತುಟಿ ಒತ್ತಿ ಹಿಡಿಯೋದು ಅದರ ಮೇಲೆ. ಕಟ್ಟಿಸ್ಕೊಂಡ್ರೂ ಮೊದಲಿನ ಹಾಗೆ ಬರಲ್ವಂತೆ." ಮತ್ತೆ ಕೈ ಅಡ್ಡ ಬಂತು. "ಆಫೀಸಲ್ಲಿ ಕೂರಿಸ್ತಾರೆ ಅನ್ಸತ್ತೆ."

ತಾನು ಬರುವಾಗ ಗೋಕುಲ್ ಚೆನ್ನಾಗಿಯೇ ಇದ್ದ, ಅಲ್ಲಿಯವರು ಅವನನ್ನು ಆರ್ಕೆಸ್ಟ್ರಾ ಎಂದು ಕೂಗುತ್ತಾರೆ ಎಂದೂ ಹೇಳಿದ. ಅಂಜಿನಮ್ಮ ಅವನ ಕಾಲನ್ನೇ ನೋಡುತ್ತಿದ್ದಳು.

"ಪೆಟ್ಟು ಗಿಟ್ಟು ಆಗದೆ ಸುಮ್ನೆ ಫೇಲಾಗಿ ಬರೋರು ಇಲ್ವೇನಪ್ಪ?"

"ಬೇಕಾದಷ್ಟ್ ಜನ. ಸಾಕು ಅಂತ ಒಂದ್ ಮಾತು ಹೇಳಿದ್ರೆ ಆಯ್ತು, ಆವತ್ತೇ ಗಾಡಿ ಹತ್ತಿಸ್ತಾರೆ." ನದೀಮ್ ನಕ್ಕ. "ಗೋಕುಲ್ ಹೇಳಲ್ಲ ಆಂಟಿ. ಸತ್ರೂ ಸಾಕು ಅನ್ನಲ್ಲ ಅವನು. ಅವನು ವಾಪಸ್ ಬರ್ಬೇಕು ಅಂದ್ರೆ ಯಾರಾದ್ರೂ ಎತ್ಕೊಂಡೇ ಬರ್ಬೇಕು."

ಗೆಳೆಯನ ಬಗ್ಗೆ ಅವನು ಹೆಮ್ಮೆಯಿಂದಲೇ ಆಡಿದ ಮಾತು ಅದು. ಅವಳು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. ನದೀಮನ ತಾಯಿ ಶಹರ್ಬಾನು ಟೀ ಸೋಸುತ್ತಿದ್ದಳು.

"ಬಂದ್ನಲ್ಲ ಅಕ್ಕ, ನಂಗೆ ಅಷ್ಟು ಸಾಕು," ಎಂದಳು ಶಹರ್ಬಾನು, ದನಿ ತಗ್ಗಿಸಿ. "ಐದ್ ಹೊತ್ತಿನ ನಮಾಜಲ್ಲೂ ಅದನ್ನೇ ಕೇಳ್ತಿದ್ದೆ ನಾನು." ತೊಳೆದಿಟ್ಟ ಲೋಟವನ್ನು ಒರೆಸಿದಳು; ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

ಮಾರನೆಯ ಬೆಳಿಗ್ಗೆ ಗುಡಿಯ ಬಾಗಿಲು ತೆಗೆಯುವ ಹೊತ್ತಿಗೇ ಅಂಜಿನಮ್ಮ ಮೆಟ್ಟಿಲ ಮೇಲಿದ್ದಳು. ಅವತ್ತು ಹೂ ಕೇಳುವ ದಿನವಲ್ಲ. ಚಿಕ್ಕಹನುಮಯ್ಯ ಅಮ್ಮನವರ ಹಳೆಯ ಹಾರ ತೆಗೆದು ಪಕ್ಕಕ್ಕಿಡುತ್ತಿದ್ದ.

"ಅವತ್ತು ಕೊಟ್ಟ ಹೂ ವಾಪಸ್ ತಗೋಬೇಕು ಪೂಜಾರಪ್ಪ," ಎಂದಳು.

"ಅಂಗಂದ್ರೆ?"

"ಪಾಸಾಗಬಾರದು ಅಂತ ಕೇಳಿದ್ದೆ ನಾನು."

ಚಿಕ್ಕಹನುಮಯ್ಯ ಕೈಯಲ್ಲಿದ್ದ ಹಾರವನ್ನು ಹಾಗೇ ಹಿಡಿದು ನಿಂತ. ಊರಿನವರು ಬೋರ್‌ವೆಲ್ಲಿಗೆ, ಗಂಡಿಗೆ, ಕೋರ್ಟು ಕೇಸಿಗೆ ಹೂ ಕೇಳಿದ್ದನ್ನು ಕಂಡವನು ಅವನು. "ಎತ್ತ ತಾಯಿ ಕೇಳೋ ಮಾತಾ ಇದು?" ಎಂದ. ಅವನಿಗೇ ಏನನ್ನಿಸಿತೋ, ದನಿ ಇಳಿಸಿದ. "ಒಂದ್ ಕಿತ ಕೊಟ್ಟ ಮ್ಯಾಲೆ ಅದೇ ಇಸ್ಯ ತಿರಗಾ ಕೇಳಂಗಿಲ್ಲ ಅಂಜಿನಮ್ಮ. ನಮ್ಮಪ್ಪನ ಕಾಲದಿಂದ ಇರೋದು. ನಾನು ಊ ಮಡಗಾಕಿಲ್ಲ."

"ಮಡಗ್ಬೇಡಿ. ಸುಮ್ನೆ ಹೇಳ್ಕೊಂಡು ಹೋಗ್ತೀನಿ."

"ಏಳ್ಕೋ. ಆಕೆ ಏನಂದ್ಲು ಅಂತ ಮಾತ್ರ ಗೊತ್ತಾಗಾಕಿಲ್ಲ."

"ಆಗ್ಲಿ."

ಅವನು ಹಾರಗಳನ್ನು ಎತ್ತಿಕೊಂಡು ಹೊರಗೆ ಹೋದ. ಹೋಗಬೇಕಾದಷ್ಟು ಕೆಲಸವೇನೂ ಅಲ್ಲಿರಲಿಲ್ಲ. ಹೂವಿಲ್ಲದ ಅಮ್ಮನವರ ಮುಂದೆ ಅಂಜಿನಮ್ಮ ನಿಂತಳು. ಭುಜದ ಕಲ್ಲು ರಾತ್ರಿಯ ಎಣ್ಣೆಯಲ್ಲಿ ಕಪ್ಪಗೆ ಹೊಳೆಯುತ್ತಿತ್ತು. ಮನಸ್ಸಿನಲ್ಲಿ ಹೇಳಿಕೊಂಡರೆ ಮೊದಲಿನ ಮಾತಿನ ಜೊತೆ ಎಲ್ಲಿ ಕಲಸಿಹೋಗುತ್ತದೋ ಎಂದು ಹೆದರಿ ಬಾಯಿಬಿಟ್ಟೇ ಹೇಳಿದಳು.

"ಪಾಸ್ ಮಾಡ್ಸು ತಾಯಿ. ಎಲ್ಲಿಗಾದ್ರೂ ಕಳಿಸ್ಲಿ. ನಡ್ಕೊಂಡು ಹೋಗ್ಲಿ."

ಆಮೇಲಿನ ದಿನಗಳಲ್ಲಿ ಅವಳು ಕಟ್ಟಿದ ಕುಚ್ಚುಗಳು ಸಡಿಲವಾಗಿದ್ದವು. ರಮಾ ಒಂದು ಸೀರೆಯನ್ನು ವಾಪಸ್ ತಂದು, ಏನೂ ಅನ್ನದೆ ಕಿಟಕಿಯ ಹತ್ತಿರ ಇಟ್ಟು ಹೋದಳು. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅಂಜಿನಮ್ಮ ಎತ್ತುತ್ತಿರಲಿಲ್ಲ, ಗಂಡನ ಕೈಗೆ ಕೊಡುತ್ತಿದ್ದಳು. ಸಾಲ ಬೇಕೇ ಎಂದು ಕೇಳುವವರಿಗೆಲ್ಲ ವೆಂಕಟಸ್ವಾಮಿ ತಾಳ್ಮೆಯಿಂದ ಬೇಡವೆಂದು ಹೇಳುತ್ತಿದ್ದ.

ಗೋಕುಲ್ ಫೋನು ಮಾಡಿದ ದಿನ ಗಂಡ ಮನೆಯಲ್ಲಿರಲಿಲ್ಲ. ಅವಳೇ ಎತ್ತಬೇಕಾಯಿತು.

"ಅಮ್ಮ, ತಗೊಂಡ್ರು," ಎಂದ.

"ಕೈ ಕಾಲು?"

"ಇದೆ."

"ಹಲ್ಲು?"

ಆ ಕಡೆ ಅವನು ಅರ್ಥವಾಗದೆ ನಕ್ಕ. "ಎಲ್ಲಾ ಇದೆ ಕಣಮ್ಮ. ಖುಷಿ ಆಯ್ತಾ?"

"ಆಯ್ತಪ್ಪ," ಎಂದಳು. ಸುಳ್ಳಾಗಿರಲಿಲ್ಲ ಅದು. ಫೋನು ಇಟ್ಟಮೇಲೆ ಎಷ್ಟೋ ಹೊತ್ತು ಹೊಸಿಲ ಮೇಲೆ ಕೂತಿದ್ದಳು. ಅವನು ಇನ್ನು ಎಲ್ಲಿರುತ್ತಾನೆ ಎಂದು ಕೇಳಿದ್ದಕ್ಕೆ ಅವನು ಮಾತು ಬದಲಿಸಿದ್ದು ಆಗ ನೆನಪಾಯಿತು. ಸಂಜೆ ಛತ್ರದಿಂದ ಬಂದ ವೆಂಕಟಸ್ವಾಮಿ ಸುದ್ದಿ ಕೇಳಿ, ಕೈಕಾಲು ತೊಳೆದು, ನೆಲಮಂಗಲದ ಕಡೆಯ ಒಬ್ಬ ನಾದಸ್ವರದವನಿಗೆ ಫೋನು ಮಾಡಿದ. ಇಷ್ಟು ದಿನ ಬೇಕಾದಾಗ ಮಾತ್ರ ಕರೆಸಿಕೊಳ್ಳುತ್ತಿದ್ದವನಿಗೆ ಇನ್ನು ಮೇಲೆ ಎಲ್ಲ ಲಗ್ನಕ್ಕೂ ಬಂದುಬಿಡಪ್ಪ ಎಂದ.

ಗೋಕುಲ್ ರಜಕ್ಕೆ ಬಂದಾಗ ಒಣಗಿದ್ದ, ಕಪ್ಪಾಗಿದ್ದ. ಮೊದಲಿಗಿಂತ ಕಡಿಮೆ ಮಾತು. ಗುಡಿಯ ಮುಂದೆ ಸಿಕ್ಕ ಚಿಕ್ಕಹನುಮಯ್ಯ ಅವನನ್ನು ಒಳಗೆ ಕರೆದು ಹಣೆಗೆ ಕುಂಕುಮವಿಟ್ಟು, ಬಾಳೆಹಣ್ಣು ಕೊಟ್ಟ. ಪಕ್ಕದಲ್ಲೇ ನಿಂತಿದ್ದ ಅಂಜಿನಮ್ಮನ ಕಡೆ ಮಾತ್ರ ನೋಡಲಿಲ್ಲ. ಅಪ್ಪ ಬೆಳಗಿನ ಅಭ್ಯಾಸಕ್ಕೆ ಕೂತಾಗ ಗೋಕುಲ್ ಎದುರಿಗೆ ಬಂದು ಕೂತು, ಮುಗಿಯುವವರೆಗೂ ಕೇಳಿ, ಎದ್ದು ಹೋಗಿ ನೀರು ಹಿಡಿದಿಟ್ಟ. ಊದು ಎಂದು ಅಪ್ಪ ಹೇಳಲಿಲ್ಲ. ಕೊಡು ಎಂದು ಮಗನೂ ಕೇಳಲಿಲ್ಲ.

ಮಧ್ಯಾಹ್ನ ಉಂಡು ಅವನು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ. ಚಿಕ್ಕಂದಿನಲ್ಲಿ ಮುಹೂರ್ತಕ್ಕೆ ಎಬ್ಬಿಸಬೇಕಾದರೆ ಅವಳು ಅವನ ಮುಖಕ್ಕೆ ನೀರು ಚಿಮುಕಿಸಬೇಕಾಗುತ್ತಿತ್ತು. ಎದ್ದು ಕೂತವನು ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಪಾತ್ರೆ ತೊಳೆದು ಮುಗಿಸಿ, ಸೆಕೆಗೆ ಫ್ಯಾನು ಜೋರು ಮಾಡೋಣವೆಂದು ಅವಳು ಬರಿಗಾಲಲ್ಲಿ ಸದ್ದಿಲ್ಲದೆ ಬಂದಳು. ಹೊಸಿಲ ಮೇಲೆ ಕಾಲಿಡುವ ಮೊದಲೇ ಅವನ ಕಣ್ಣು ತೆರೆದಿತ್ತು. ಮೈ ಅಲುಗಿರಲಿಲ್ಲ. ಆ ಕಣ್ಣು ಅವಳನ್ನು ನೋಡಿ, ಅವಳ ಹಿಂದಿನ ಬಾಗಿಲನ್ನು ನೋಡಿ, ಮತ್ತೆ ಅವಳಲ್ಲಿಗೆ ಬಂತು.

"ಏನಮ್ಮ?"

"ಏನಿಲ್ಲ. ಮಲಕ್ಕೋ."

ಅವನು ಕಣ್ಣು ಮುಚ್ಚಿದ. ನಿದ್ದೆ ಬಂದವರ ಹಾಗೆ ಉಸಿರನ್ನು ನಿಧಾನ ಮಾಡಿದ. ಎಷ್ಟೋ ವರ್ಷ ಊದಿದ ಎದೆ, ಉಸಿರು ಅವನು ಹೇಳಿದಂತೆ ಕೇಳುತ್ತಿತ್ತು. ಅವಳು ಗೋಡೆಗೆ ಒರಗಿ ಅಲ್ಲೇ ಕೂತಳು. ಅವನು ಮಲಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಎದ್ದು ಹೋಗಿಲ್ಲವೆಂದು ಅವನಿಗೂ ಗೊತ್ತಿತ್ತು. ಫ್ಯಾನು ತಿರುಗುತ್ತಲೇ ಇತ್ತು.