ಮೂರನೆಯ ಏಟು

ಅಕ್ಕ ನಡೆಸುತ್ತಿದ್ದ ಗೇಮಿಂಗ್ ಸೆಂಟರಿನ ಎಂಟೂ ಕಂಪ್ಯೂಟರುಗಳಲ್ಲಿ ವಿಂಡೋಸ್ ತೆಗೆದು, ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮನ್ನು ತಮ್ಮ ಹಾಕಿ ಮುಗಿಸಿದಾಗ ಅವಳಿಗೆ ಹಿಗ್ಗೋ ಹಿಗ್ಗು. ತಿಣುಕುತ್ತಿದ್ದ ಹಳೆಯ ಯಂತ್ರಗಳಲ್ಲಿ ಕಾರ್ ರೇಸು, ಫುಟ್‌ಬಾಲು ಎಲ್ಲ ನೀರು ಕುಡಿದಷ್ಟು ಸಲೀಸಾಗಿ ಓಡಿದವು. ಒಂದು ಶೂಟಿಂಗ್ ಆಟ ಮಾತ್ರ ಒಗ್ಗಲಿಲ್ಲ. ಮೋಸಗಾರರನ್ನು ಹಿಡಿಯಲು ಅದರೊಳಗಿಟ್ಟ ಕಾವಲು ಪ್ರೋಗ್ರಾಂ ಲಿನಕ್ಸ್ ಕಂಡರೆ ಸಾಕು, ಆಟಗಾರನನ್ನೇ ಹೊರದಬ್ಬುತ್ತಿತ್ತು. "ಆ ಆಟ ಇಲ್ಲಿ ನಡೆಯಲ್ಲ ಅಂತ ಬಾಗಿಲಿಗೆ ಚೀಟಿ ಅಂಟಿಸಕ್ಕಾ," ಎಂದ ತಮ್ಮ. ಗಿರಾಕಿಗಳು ಓಡಿಹೋದಾರೆಂದು ಅವಳು ಅಂಟಿಸಲಿಲ್ಲ.

ಮಧ್ಯಾಹ್ನ ಗೂಳಿ ಬಂದ. ಮುಂಗೋಪಕ್ಕೇ ಆ ಹೆಸರು ಪಡೆದಿದ್ದ ಈ ಹಳೇ ಗಿರಾಕಿಗೆ ಅಂದು ಅದೇ ಆಟದ ಆನ್‌ಲೈನ್ ಪಂದ್ಯಾವಳಿಯ ಫೈನಲ್. ಒಳಹೊಕ್ಕಾಗಲೆಲ್ಲ ಆಟ ಅವನನ್ನು ಹೊರಹಾಕಿತು. ಕೊನೆಗೆ ಪಂದ್ಯ ಅವನಿಲ್ಲದೆಯೇ ಶುರುವಾಯಿತು.

"ಏನ್ ಮಾಡಿದ್ಯೋ ಕಂಪ್ಯೂಟರ್‌ಗೆ?" ಎಂದವನೇ ಕೀಬೋರ್ಡ್ ಕಿತ್ತು ತಮ್ಮನ ತಲೆಗೆ ಅಪ್ಪಳಿಸಿದ. ಅದರ ಗುಂಡಿಗಳು ಹಲ್ಲುದುರಿದಂತೆ ನೆಲಕ್ಕೆ ಚೆಲ್ಲಿದವು. ಕುಸಿದ ತಮ್ಮನ ಪಕ್ಕೆಗೆ ಗೂಳಿ ಒದೆಯತೊಡಗಿದ.

ಅಕ್ಕ ಕಬ್ಬಿಣದ ಸ್ಟೂಲೆತ್ತಿ ಬೀಸಿದಳು. ಗೂಳಿಯ ಬಲಗೈ ಮೂಳೆ ಲಟಕ್ಕೆಂದಿತು. ಅವನು ಚೀರುತ್ತ ನೆಲಕ್ಕೆ ಬಿದ್ದ ಮೇಲೂ ಇನ್ನೊಂದೇಟು ಹಾಕಿದಳು, ಮತ್ತೊಂದು ಹಾಕಿದಳು.

"ಸಾಕಕ್ಕಾ, ಸತ್ತೋಗ್ತಾನೆ!" ರಕ್ತ ಸೋರುತ್ತಿದ್ದ ತಮ್ಮ ಅವಳ ಕಾಲು ಹಿಡಿದುಕೊಂಡ.

ತಮ್ಮನಿಗೆ ಏಳು ಹೊಲಿಗೆ ಬಿದ್ದವು. ಗೂಳಿ ಆಸ್ಪತ್ರೆ ಸೇರಿದ. ಅವನ ಮೇಲೂ ಅಕ್ಕನ ಮೇಲೂ ಕೇಸಾಯಿತು.

"ಮೊದಲನೇ ಏಟು ಸರಿಯಮ್ಮ," ಎಂದ ಇನ್ಸ್‌ಪೆಕ್ಟರ್. "ಬಿದ್ದೋನಿಗೆ ಯಾಕೆ ಹೊಡೆದೆ?"

ಭಯವಾಯಿತು ಎನ್ನಬಹುದಿತ್ತು.

"ಹೊಡೀತಾ ಹೊಡೀತಾ ಹಿತ ಅನ್ನಿಸ್ತು ಸಾರ್," ಎಂದು ಅವಳು ತಲೆ ತಗ್ಗಿಸಿದಳು.