ಸೆರಗಿಗೆ ಕಟ್ಟಿದ ರೊಟ್ಟಿ

ರಾಜೇಶ್ವರದ ಆ ಓಣಿಯಲ್ಲಿ ಸುಮನಬಾಯಿಗೆ ಪ್ರಸಾದ ಒಲ್ಲದಾಕೆ ಎಂದೇ ಹೆಸರು. ಯಾರ ಮನೆಯಲ್ಲಿ ಪೂಜೆಯಾದರೂ ತಾಟು ಅವಳ ಹೊಸ್ತಿಲಿಗೂ ಬರುತ್ತಿತ್ತು. ಅವಳು ಕೈಮುಗಿದು, "ನಮ್ಮಲ್ಲಿ ನಡಿಯಂಗಿಲ್ರಿ" ಎಂದು ನಕ್ಕು, ಕೊಬ್ಬರಿ ಚೂರನ್ನು ಇದ್ದ ಹಾಗೆಯೇ ತಿರುಗಿ ಕಳಿಸುತ್ತಿದ್ದಳು. ಮೂರು ತಲೆಮಾರಿನಿಂದ ಕ್ರೈಸ್ತರ ಮನೆ ಅದು. ಓಣಿಯ ಹೆಂಗಸರು ಬೇಸರ ಪಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. "ಸುಮನಬಾಯಿ ಬಾಯೀಗಿ ಯೇಸುಸ್ವಾಮಿ ಕೀಲಿ ಹಾಕ್ಯಾನ" ಎಂದು ಚೇಷ್ಟೆ ಮಾಡುತ್ತಿದ್ದರು, ಮುಂದಿನ ಹಬ್ಬಕ್ಕೆ ಮತ್ತೆ ತಾಟು ಹಿಡಿದು ಬರುತ್ತಿದ್ದರು.

ಇಂಥವಳ ಮನೆಯಿಂದಲೇ ಪ್ರಸಾದ ಹೊರಗೆ ಹೋಯಿತು ನೋಡಿ, ಅಲ್ಲಿಂದ ಶುರುವಾಯಿತು ಫಜೀತಿ.

ಅವಳ ಪಡಸಾಲೆಯಲ್ಲಿ ಭಾನುವಾರ ಸಂಜೆ ಪ್ರಾರ್ಥನೆ ಕೂಟ ನಡೆಯುತ್ತಿತ್ತು. ಹುಮನಾಬಾದಿನಿಂದ ಪಾಸ್ಟರ್ ಅಂಬಾದಾಸ ಬಸ್ಸಿಗೆ ಬರುವರು. ಮೊದಮೊದಲು ಕೂಟವೆಂದರೆ ಪಾಸ್ಟರು, ಸುಮನಬಾಯಿ ಮತ್ತು ಕಿವಿ ಕೇಳದ ಇಬ್ಬರು ಮುದುಕಿಯರು, ಅಷ್ಟೇ. ಒಂದೆರಡು ವರ್ಷದಲ್ಲಿ ಬಾಗಿಲ ಮುಂದಿನ ಚಪ್ಪಲಿಗಳು ಅಂಗಳ ದಾಟಿ ಚರಂಡಿಯವರೆಗೂ ಹೋದವು. ಹಾಡು ಕೇಳಲು ಬಂದವರು, ಊಟಕ್ಕೆ ಬಂದವರು, ಮನಸ್ಸಿನ ಭಾರ ಇಳಿಸಲು ಬಂದವರು, ಎಲ್ಲರಿಗೂ ಒಂದೇ ಜಮಖಾನೆ. ಪಾಸ್ಟರಿಗೆ ಹಿಗ್ಗೋ ಹಿಗ್ಗು. ಮೊದಲ ಕಾಲದ ಕ್ರೈಸ್ತ ಸಭೆ ಬೆಳೆದದ್ದೂ ಹೀಗೆಯೇ ಎನ್ನುವುದು ಅವರ ನೆಚ್ಚಿನ ಮಾತು. ಆಗ ಚರ್ಚಿನ ಕಟ್ಟಡವೆಂಬುದೇ ಇರಲಿಲ್ಲ. ಮನೆಮನೆಯಲ್ಲೇ ಕೂಡಿ, ಇದು ನನ್ನ ದೇಹ ಎಂದು ಯೇಸು ಕೊಟ್ಟದ್ದರ ನೆನಪಿಗೆ ರೊಟ್ಟಿ ಮುರಿದು, ಹಂಚಿಕೊಂಡು ಉಣ್ಣುತ್ತಿದ್ದರು. ಸುಮನಬಾಯಿಗೆ ಆ ಮಾತು ಎಷ್ಟು ಸಲ ಕೇಳಿದರೂ ಬೇಸರವಿಲ್ಲ. ಯಾಕೆಂದರೆ ಇಲ್ಲಿ ಮುರಿಯುವ ರೊಟ್ಟಿ ಅವಳದು. ಗೋಧಿಹಿಟ್ಟು, ನೀರು, ಮುಗಿಯಿತು. ಹುಳಿಯೂ ಇಲ್ಲ, ಉಪ್ಪೂ ಇಲ್ಲ.

ಆ ಭಾನುವಾರ ಪಾಸ್ಟರು ಹೊಸದೊಂದು ಸಂಗತಿ ಹೇಳಿದರು. "ಆ ಕಾಲದಾಗ ಜಡ್ಡಿನವರು, ಬರಾಕ ಆಗದವರು ಇರ್ತಿದ್ರಲ್ರಿ, ಅವರ ಪಾಲಿನ ರೊಟ್ಟಿ ಅವರ ಮನೀಗೇ ಹೋಗ್ತಿತ್ತು. ಯಾರನ್ನೂ ಮರೀತಿರಲಿಲ್ಲ."

ಈ ಮಾತು ಸುಮನಬಾಯಿಯ ಎದೆಗೆ ನಾಟಿತು. ಕೂಟ ಮುಗಿದ ಮೇಲೆ ಅಂಗಳದಲ್ಲಿ ಶೀತಲ ತನ್ನ ಚಪ್ಪಲಿ ಹುಡುಕುತ್ತಿದ್ದಳು. ಶೀತಲ ಎರಡು ಮನೆಯಾಚೆಯ ಕಲ್ಲಿನಾಥನ ಹೆಂಡತಿ, ತವರು ಮಂಠಾಳ. ಹಾಡು ಚೆನ್ನಾಗಿರುತ್ತವೆಂದು ಬಂದು ಮೂಲೆಯಲ್ಲಿ ಕೂಡುತ್ತಿದ್ದಳೇ ಹೊರತು ಇನ್ನೇನಿಲ್ಲ. ಅವಳ ಅತ್ತೆ ಚಂದ್ರಭಾಗಾಬಾಯಿ ಸುಮನಬಾಯಿಯ ಹಳೆಯ ಗೆಳತಿ. ಸೊಂಟ ಹಿಡಿದು ತಿಂಗಳಿಂದ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಸುಮನಬಾಯಿ ತಾಟಿನಲ್ಲಿ ಉಳಿದಿದ್ದ ರೊಟ್ಟಿಯ ಅರ್ಧ ತುಂಡನ್ನು ತಂದು ತಾನೇ ಶೀತಲಳ ಸೆರಗಿನ ತುದಿಗೆ ಕಟ್ಟಿದಳು.

"ನಿಮ್ಮ ಅತ್ತೀಗಿ ಕೊಡವ್ವ."

"ಪ್ರಸಾದ ಏನ್ರಿ ಕಾಕು?"

ಅಲ್ಲ ಎನ್ನಬೇಕಿತ್ತು. ಅಲ್ಲವೆಂದರೆ ಮತ್ತೇನೆಂದು ಹೇಳುವುದು? ಸಭೆಗೆ ಸೇರದವರಿಗೆ ಆ ರೊಟ್ಟಿ ಕೊಡಬಾರದೆಂಬ ನೇಮವೂ ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ. "ಹೂಂ, ಹಂಗ ತಿಳಕೊ" ಎಂದುಬಿಟ್ಟಳು.

ಮರುದಿನ ಸೋಮವಾರ ಮಧ್ಯಾಹ್ನ ಚಂದ್ರಭಾಗಾಬಾಯಿ ಕೂತಲ್ಲೇ ಬೆವರಿ, ಕಣ್ಣು ಮೇಲೆ ಮಾಡಿ ಉರುಳಿಬಿದ್ದಳು. ಕಲ್ಲಿನಾಥ ಬಸವಕಲ್ಯಾಣದ ಮಾರುಕಟ್ಟೆಗೆ ಮಾಲು ಹೊಡೆಯುವ ಟಂಟಂ ಆಟೊ ಇಟ್ಟುಕೊಂಡಿದ್ದ. ಅದರಲ್ಲೇ ತಾಯಿಯನ್ನು ಮಲಗಿಸಿಕೊಂಡು ಹುಮನಾಬಾದಿನ ದವಾಖಾನೆಗೆ ಓಡಿಸಿದ. ದೀಪ ಹಚ್ಚುವ ಹೊತ್ತಿಗೆ ಹಾಸಿಗೆ ಬಟ್ಟೆ ಒಯ್ಯಲು ಊರಿಗೆ ಬಂದವನು ಸೀದಾ ಸುಮನಬಾಯಿಯ ಬಾಗಿಲಿಗೆ ಬಂದು ನಿಂತ. ಹಿಂದೆ ಶೀತಲ. ಅವಳ ಹಿಂದೆ ಅರ್ಧ ಓಣಿ.

"ಕಾಕು, ನಮ್ಮವ್ವ ನಿನ್ನೆ ರಾತ್ರಿ ನಮ್ಮ ಕೂಡನೇ ಉಂಡಾಳ. ಇವತ್ತ ಸೋಮವಾರದ ಉಪಾಸ. ಹೊರಗಿನದಂತ ಆಕಿ ತಿಂದದ್ದು ಒಂದೇ, ನಿನ್ನ ಮನಿ ರೊಟ್ಟಿ. ಖರೇ ಹೇಳು, ನೀ ಕೊಟ್ಟೀಯೋ ಇಲ್ಲೋ?"

ಗುಂಪಿನಲ್ಲಿ ಯಾರೋ ಅಂದರು: "ಮದ್ದು ಹಾಕ್ಯಾರ. ಒಮ್ಮಿ ಹೊಟ್ಟ್ಯಾಗ ಹೋತಂದ್ರ ಅವರ ಹಿಂದೇ ತಿರಗಬೇಕು, ಇಲ್ಲಾಂದ್ರ ಸಾಯಬೇಕು."

ಇನ್ನೊಬ್ಬಾಕೆ ಸೇರಿಸಿದಳು: "ಇದು ನನ್ನ ದೇಹ, ಇದು ನನ್ನ ರಕ್ತ ಅಂತ ಒಳಗ ಅಂತಿರ್ತಾರ. ನಾ ನನ್ನ ಕಿವಿಲೇ ಕೇಳೀನಿ."

ಇಷ್ಟು ವರ್ಷ ತಾಟು ಹಿಡಿದು ಬಂದು ಚೇಷ್ಟೆ ಮಾಡಿದ ಮುಖಗಳೇ ಇವು. ಇವತ್ತು ಒಂದರಲ್ಲೂ ನಗುವಿಲ್ಲ. ಕೊಟ್ಟೆ ಎಂದರೆ ಕಲ್ಲು ಬೀಳುತ್ತವೆ, ಪಡಸಾಲೆಗೆ ಬೀಗ ಬೀಳುತ್ತದೆ, ಪಾಸ್ಟರನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ಬಡಿಯುತ್ತಾರೆ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಕಣ್ಣ ಮುಂದೆ ಬಂತು.

"ನಾ ಕೊಟ್ಟಿಲ್ಲಪ್ಪ" ಎಂದಳು. "ತಾಟಿನ್ಯಾಗ ಉಳದಿತ್ತು. ನನ್ನ ಕಣ್ಣ ತಪ್ಪಿಸಿ ಆಕೀನೇ ಒಯ್ದಿರಬೇಕು."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ದೊಣ್ಣೆಯೇನೋ ತಪ್ಪಿತು. ಆದರೆ ಅದು ಹೋಗಿ ಶೀತಲಳ ಮೇಲೆ ಬಿತ್ತು. ಹುಡುಗಿ ತಲೆಯೆತ್ತಿ ಒಮ್ಮೆ ಸುಮನಬಾಯಿಯನ್ನು ನೋಡಿದಳು. ಸೆರಗನ್ನು ಹೆಗಲ ಮೇಲೆ ಬಿಗಿಯಾಗಿ ಎಳೆದುಕೊಂಡಳು.

ಕಲ್ಲಿನಾಥ ಅವಳ ಕಡೆ ತಿರುಗಿದ. "ಕದ್ದು ತಂದು ತಿನಿಸೀದಿ. ನಮ್ಮವ್ವ ಎದ್ದರ ಎದ್ದಳು. ಏಳಲಿಲ್ಲಾಂದ್ರ ನೀ ಮಂಠಾಳದ ಹಾದಿ ಹಿಡಿ. ಮತ್ತ ಈ ಹೊಸ್ತಿಲ ತುಳೀಬ್ಯಾಡ." ಹೋಗುವ ಮುನ್ನ ಸುಮನಬಾಯಿಗೂ ಬೆರಳು ತೋರಿಸಿದ. "ನಿನ್ನ ಕೂಟನೂ ಬಂದ್ ಕಾಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಗಿಲು ಹಾಕಿಕೊಂಡು ಸುಮನಬಾಯಿ ಪಾಸ್ಟರಿಗೆ ಫೋನು ಹಚ್ಚಿದಳು. ಅವರೂ ಗಾಬರಿಯಾದರು.

"ತಾಯಿ, ಈಗ ಎಲ್ಲೂ ಹೋಗಬ್ಯಾಡ್ರಿ. ಮಂದಿ ಸಿಟ್ಟಿನ್ಯಾಗ ಅದಾರ. ಒಂದೆರಡು ವಾರ ಕೂಟ ಬ್ಯಾಡ. ಆ ಕಾಲದಾಗೂ ನಮ್ಮವರು ನೆತ್ತರ ಕುಡೀತಾರಂತ ಸುದ್ದಿ ಹಬ್ಬಿಸಿದ್ರು. ಅವರು ತಡಕೊಂಡ್ರು, ನಾವೂ ತಡಕೊಳ್ಳೂಣ."

"ಆ ಕಾಲದಾಗ ಯಾರರೇ ಸುಳ್ಳು ಹೇಳಿ ಇನ್ನೊಬ್ಬರ ತಲೀಗಿ ಕಟ್ಟಿದ್ರ ಏನ್ ಮಾಡ್ತಿದ್ರು ಪಾಸ್ಟರ್?"

"ಯಾಕ ತಾಯಿ? ಏನಾತು?"

ಅವಳು ಫೋನು ಇಟ್ಟಳು. ಕಣ್ಣು ಮುಚ್ಚಿದರೆ ಶೀತಲ ಸೆರಗು ಎಳೆದುಕೊಂಡದ್ದೇ ಕಾಣುತ್ತಿತ್ತು. ಜತೆಗೆ ಇನ್ನೊಂದು ಹಾಳು ಅನುಮಾನ, ಯಾರಿಗೂ ಹೇಳಲಾರದ್ದು. ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇಲಿಪಾಷಾಣ ಇಟ್ಟಿದ್ದೆನಲ್ಲ? ಕೂಟದವರೆಲ್ಲ ಅದೇ ರೊಟ್ಟಿ ತಿಂದು ಗಟ್ಟಿಯಾಗಿದ್ದಾರೆಂದು ಸಾವಿರ ಸಲ ಹೇಳಿಕೊಂಡಳು. ಅಂಜಿದ ಮನಸ್ಸಿಗೆ ಲೆಕ್ಕ ತಿಳಿಯುವುದಿಲ್ಲ. ಎದ್ದು ಹೋಗಿ ಡಬ್ಬಿಯ ಹಿಟ್ಟನ್ನೆಲ್ಲ ತಿಪ್ಪೆಗೆ ಸುರಿದು ಬಂದಳು.

ಬೆಳಿಗ್ಗೆ ಪಕ್ಕದ ಮನೆಯ ಹಜಿರಾ ಬೀ ಗೋಡೆಯಾಚೆಯಿಂದ ಕರೆದಳು.

"ಸುಮನಾ, ಮುದಿಕೀಗಿ ಇನ್ನಾ ಹೋಶ್ ಬಂದಿಲ್ಲಂತ, ಕಣ್ಣ ಬಿಟ್ಟಿಲ್ಲಂತ." ಆಮೇಲೆ ದನಿ ತಗ್ಗಿಸಿದಳು. "ಆ ಗಂಟು ಕಟ್ಟಿದಾಕಿ ನೀನೇ. ನಾ ಕಿಡಕ್ಯಾಗಿಂದ ನೋಡೀನಿ. ಫಿಕರ್ ಮಾಡಬ್ಯಾಡ, ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಬಾಯಿ ಬಿಡುತ್ತೇನೆ ಎಂದಿದ್ದರೇ ವಾಸಿಯಿತ್ತು. ಆ ದಯೆಯನ್ನು ತಡೆದುಕೊಳ್ಳಲು ಸುಮನಬಾಯಿಗೆ ಆಗಲಿಲ್ಲ. ಚಹಾ ಕೂಡ ಕುಡಿಯದೆ ಹುಮನಾಬಾದಿನ ಬಸ್ಸು ಹತ್ತಿದಳು.

ಬಸ್ಸಿನ ತುಂಬ ಬಾಯಿ. ಯಾರು ಪಿಸುಗುಟ್ಟಿದರೂ ತನ್ನ ಸುದ್ದಿಯೇ ಎಂದು ಅವಳಿಗೆ ಅನ್ನಿಸುತ್ತಿತ್ತು. ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಿದಳು. ಮುದುಕಿ ಬದುಕಲಿ ಎಂದು ಬೇಡುತ್ತಿದ್ದಳೋ, ತಾನು ಹೇಳುವ ಮೊದಲೇ ಎಲ್ಲ ನೆಟ್ಟಗಾಗಿ ಹೇಳುವುದೇ ತಪ್ಪಲಿ ಎಂದು ಬೇಡುತ್ತಿದ್ದಳೋ, ಅವಳಿಗೇ ಗೊತ್ತಾಗಲಿಲ್ಲ.

ದವಾಖಾನೆಯ ವರಾಂಡದಲ್ಲಿ ಶೀತಲ ನೆಲದ ಮೇಲೆ ಕೂತಿದ್ದಳು. ಕಲ್ಲಿನಾಥ ಅವಳನ್ನು ಒಳಗೆ ಬಿಟ್ಟಿಲ್ಲವೆಂದು ಕೇಳದೆಯೇ ತಿಳಿಯಿತು. ಸುಮನಬಾಯಿ ತಲೆ ತಗ್ಗಿಸಿ ಅವಳನ್ನು ದಾಟಿಕೊಂಡು ಒಳಗೆ ಹೋದಳು.

ಚಂದ್ರಭಾಗಾಬಾಯಿ ಕಣ್ಣು ಮುಚ್ಚಿ ಮಲಗಿದ್ದಳು. ಕೈಗೆ ಸಲೈನ್ ಹಚ್ಚಿದ್ದರು. ಮಂಚದ ಪಕ್ಕದಲ್ಲಿ ಕಲ್ಲಿನಾಥ ನಿದ್ದೆಗೆಟ್ಟು ಕೆಂಪಾದ ಕಣ್ಣು ಬಿಟ್ಟುಕೊಂಡು ನಿಂತಿದ್ದ.

"ಡಾಕ್ಟರ್ ಏನಂತಾರಪ್ಪ?"

"ಶುಗರ್ ಗುಳಗಿ ತಗೊಂಡು ಉಪಾಸ ಇದ್ದಾಳ, ಶುಗರ್ ಇಳದದ ಅಂತಾರ. ನಮ್ಮವ್ವ ಎಷ್ಟು ವರ್ಷದಿಂದ ಸೋಮವಾರ ಮಾಡಾಕತ್ತಾಳ, ಒಮ್ಮಿನೂ ಬಿದ್ದಿಲ್ಲ. ನಿನ್ನ ರೊಟ್ಟಿ ಬಂದ ಮರುದಿನನೇ ಹ್ಯಾಂಗ ಬಿದ್ದಳು?"

ಮಾತು ಅಲ್ಲಿಗೇ ಬಿಟ್ಟು ತಿರುಗಿ ಹೋಗಬಹುದಿತ್ತು. ಡಾಕ್ಟರೇ ಹೇಳಿದ್ದಾರಲ್ಲ, ಇವತ್ತಲ್ಲ ನಾಳೆ ಇವನೂ ನಂಬಿಯಾನು. ಆದರೆ ಕದ್ದಾಕೆ ಎಂಬ ಹೆಸರು ಹೊರಗೆ ನೆಲದ ಮೇಲೆ ಕೂತಿತ್ತು. ಅದನ್ನು ಯಾವ ಡಾಕ್ಟರೂ ತೊಳೆಯುವಂತಿರಲಿಲ್ಲ.

"ಕಲ್ಲಿನಾಥ, ರೊಟ್ಟಿ ಕೊಟ್ಟಾಕಿ ನಾನೇ" ಎಂದಳು. "ಶೀತಲ ಬೇಡಿಲ್ಲ, ಕದ್ದಿಲ್ಲ. ನಾನೇ ಆಕಿ ಸೆರಗಿಗಿ ಕಟ್ಟೀನಿ. ನಿನ್ನೆ ಅಂಜಿ ಸುಳ್ಳು ಹೇಳಿದೆ."

ಕಲ್ಲಿನಾಥ ಕೂಗಾಡಲಿಲ್ಲ. ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದ. ಅದೇ ರೊಟ್ಟಿ. ಒಣಗಿ ಗಡುಸಾಗಿತ್ತು. ಮೇಲೆ ಕುಂಕುಮ, ಒಂದು ಬಿಲ್ವದ ಎಲೆ.

"ದೇವರ ಜಗಲಿ ಮ್ಯಾಲ ಸಿಕ್ತು. ಅರ್ಧ ತಿಂದು ಅರ್ಧ ಇಟ್ಟಾಳ. ಮದ್ದಿಲ್ಲಾಂದ್ರ ನನ್ನ ಕಣ್ಣ ಮುಂದ ತಿನ್ನು."

ಸುಮನಬಾಯಿ ಕೈ ಚಾಚಿದಳು, ಅಲ್ಲಿಗೇ ತಡೆದಳು. ಕುಂಕುಮವನ್ನು ಸೆರಗಿನಿಂದ ಒರೆಸಲು ಹೋದಳು.

"ಒರಸಬ್ಯಾಡ. ಹಂಗೇ ತಿನ್ನು."

ಬೇರೆ ದೇವರ ಮುಂದೆ ಇಟ್ಟದ್ದನ್ನು ತಿನ್ನಬೇಕೋ ಬಾರದೋ ಎಂದು ಆ ಮೊದಲ ಕಾಲದವರೇ ಜಗಳಾಡಿದ್ದರಂತೆ, ಪಾಸ್ಟರು ಹೇಳಿದ್ದರು. ನಾವು ಮುಟ್ಟುವುದು ಬೇಡ ಎಂದೂ ಹೇಳಿದ್ದರು. ಅವಳ ಅವ್ವ ಮುಟ್ಟಿರಲಿಲ್ಲ, ಅವ್ವನ ಅವ್ವ ಮುಟ್ಟಿರಲಿಲ್ಲ. ಒಲ್ಲೆ ಎಂದು ಕೈಮುಗಿದೇ ಅವಳ ತಲೆ ಹಣ್ಣಾಗಿತ್ತು. ಮೇಲಾಗಿ ಆ ಇಲಿಪಾಷಾಣದ ಹಾಳು ಅನುಮಾನ ಹೊಟ್ಟೆಯಲ್ಲಿ ಇನ್ನೂ ಕೂತಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಶೀತಲ ಎದ್ದು ನಿಂತಿದ್ದಳು.

ಕರ್ತನೇ, ನಿನ್ನ ರೊಟ್ಟಿಯೋ, ಅವರ ಪ್ರಸಾದವೋ, ನನಗೆ ತಿಳಿಯದು, ಎಂದುಕೊಂಡಳು. ಮುರಿದು ಬಾಯಿಗಿಟ್ಟು ಅಗಿದಳು. ಕುಂಕುಮದ ಒಗರು ನಾಲಗೆಗೆ ಹತ್ತಿತು. ಮಂಚದ ಕಂಬಿ ಹಿಡಿದುಕೊಂಡು ನುಂಗಿದಳು. ಕಲ್ಲಿನಾಥ ಅವಳ ಮುಖವನ್ನೇ ದಿಟ್ಟಿಸುತ್ತಿದ್ದ.

"ಏ ಸುಮನಾ…"

ದನಿ ಮಂಚದಿಂದ ಬಂತು. ಚಂದ್ರಭಾಗಾಬಾಯಿ ಅರೆಗಣ್ಣು ತೆರೆದಿದ್ದಳು.

"ಅದು ನಂದಲ್ಲೇನ? ನನ್ನ ಪ್ರಸಾದ ನೀ ಯಾಕ ತಿನ್ನಾಕತ್ತಿ?"

ಕಲ್ಲಿನಾಥ ಮಂಚಕ್ಕೆ ಬಾಗಿದ. "ಅವ್ವಾ! ನೀ ಅದನ್ನ ತಿಂದಿಲ್ಲೇನು?"

"ಉಂಡ ಬಾಯಾಗ ಪ್ರಸಾದ ಹ್ಯಾಂಗ ತಿನ್ನೋದು? ಸೋಮವಾರ ಸಂಜೀಕ ದೀಪ ಹಚ್ಚಿ, ಅದರಿಂದ್ಲೇ ಉಪಾಸ ಬಿಡಬೇಕಂತ ಜಗಲಿ ಮ್ಯಾಲ ಇಟ್ಟಿದ್ದೆ."

"ಮತ್ತ ಅರ್ಧ?"

"ಬಂದದ್ದೇ ಅಷ್ಟು. ಅವರು ಮುರದೇ ಕೊಡ್ತಾರಂತಲ್ಲ. ಕೇಳು ಬೇಕಾದ್ರ."

ಕಲ್ಲಿನಾಥ ಪಕ್ಕದ ಸ್ಟೂಲಿನ ಮೇಲೆ ಕುಕ್ಕರಿಸಿದ. ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಯಾರ ಮುಖವನ್ನೂ ನೋಡದೆ, "ಶೀತಲಾ, ಒಳಗ ಬಾ. ಅವ್ವಗ ನೀರು ಕೊಡು" ಎಂದ.

ಶೀತಲ ಬಂದಳು. ಅತ್ತೆಯ ತಲೆಯನ್ನು ತೋಳಿನ ಮೇಲೆ ಎತ್ತಿ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಸುಮನಬಾಯಿಗೆ ಜೀವ ಬಂದಂತಾಯಿತು. ಕೈಯಲ್ಲಿ ಉಳಿದಿದ್ದ ರೊಟ್ಟಿಯಲ್ಲಿ ಚೂರು ಮುರಿದು ಗೆಳತಿಯ ಬಾಯಿಗಿಟ್ಟಳು. ಮುದುಕಿ ಅಗಿದು ಮುಖ ಕಿವಿಚಿದಳು.

"ಉಪ್ಪೇ ಹಾಕಿಲ್ಲಲ್ಲೇ! ಇದನ್ನ ತಿನ್ನಾಕ ಅಷ್ಟು ಮಂದಿ ಕೂಡ್ತಾರೇನ?"

ಸುಮನಬಾಯಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೊನೆಯ ಚೂರನ್ನು ಶೀತಲಳ ಕಡೆ ಚಾಚಿದಳು. ತಪ್ಪಾಯಿತು ಎಂಬ ಮಾತನ್ನು ಬೇರೆ ಹೇಗೆ ಹೇಳಬೇಕೋ ಅವಳಿಗೆ ತಿಳಿದಿರಲಿಲ್ಲ.

"ತಗೋವ್ವ. ನೀನೂ ಒಂಚೂರು."

ಶೀತಲ ನೀರಿನ ಲೋಟ ಕೆಳಗಿಟ್ಟಳು. ಸಿಟ್ಟಿಲ್ಲದೆ, ಮೆಲ್ಲಗೆ ಕೈಮುಗಿದಳು.

"ನಮ್ಮಲ್ಲಿ ನಡಿಯಂಗಿಲ್ರಿ ಕಾಕು."

ಚಾಚಿದ ಕೈ ಹಾಗೆಯೇ ನಿಂತಿತು. ಈ ಮಾತಿಗೆ ಇಷ್ಟು ಚೂಪು ಇದೆಯೆಂದು ಅಷ್ಟು ವರ್ಷ ಆಡಿದ ಸುಮನಬಾಯಿಗೆ ಗೊತ್ತೇ ಇರಲಿಲ್ಲ. ಇದನ್ನು ಕೇಳಿಸಿಕೊಂಡೂ ಓಣಿಯ ಹೆಂಗಸರು ಮುಂದಿನ ಹಬ್ಬಕ್ಕೆ ಮತ್ತೆ ತಾಟು ಹಿಡಿದು ಬರುತ್ತಿದ್ದರಲ್ಲ, ಒಬ್ಬಳೂ ತಪ್ಪಿಸಿರಲಿಲ್ಲ.

ಅವಳು ಆ ಚೂರನ್ನು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಇರಲವ್ವ" ಎಂದಳು. "ನಾ ಮತ್ತ ಬರ್ತೀನಿ."