ಚುಕ್ಕಿ ಕಾಗದ

ಎರಡು ಕೈಯಲ್ಲೂ ಪ್ಲಾಸ್ಟಿಕ್ ಕೊಡ ಹಿಡಿದು ರಂಜನಿ ನೀರಿನ ಲಾರಿಯತ್ತ ಬಂದಾಗ ಸಾಲಿನಲ್ಲಿದ್ದ ಹೆಂಗಸರು ತಾವಾಗಿಯೇ ಸರಿದು ದಾರಿ ಬಿಟ್ಟರು. ಮದರಾಸಿನ ಮಾಧವರಂನ ಆ ಬೀದಿಯ ಬೋರ್‌ವೆಲ್‌ಗಳೆಲ್ಲ ಬತ್ತಿ ಮೂರು ತಿಂಗಳಾಗಿತ್ತು. ದಿನ ಬಿಟ್ಟು ದಿನ ಬರುವ ಲಾರಿಯ ಮುಂದೆ ಯಾರೂ ಯಾರಿಗೂ ದಾರಿ ಬಿಡುತ್ತಿರಲಿಲ್ಲ. ಇವತ್ತು ಬಿಟ್ಟರು. ಕೆಳಗಿನ ಮನೆಯ ಮೆಕ್ಯಾನಿಕ್ ಬಾಬು ಅವಳ ಕೈಯಿಂದ ಕೊಡಗಳನ್ನು ತೆಗೆದುಕೊಂಡು, "ನೀಂಗ ಉಳ್ಳೆ ಪೋಂಗಕ್ಕಾ, ನಾನ್ ಕೊಂಡಾರೇನ್" ಎಂದು, ನೀರು ತಾನೇ ತರುವುದಾಗಿ ಹೇಳಿ ಅವಳನ್ನು ಒಳಗೆ ಕಳಿಸಿದ.

ನಡುಮನೆಯಲ್ಲಿ, ಬಾಡಿಗೆಗೆ ತಂದ ಐಸ್ ಪೆಟ್ಟಿಗೆಯೊಳಗೆ ಅವಳ ತಾಯಿ ನಾಗರತ್ನಮ್ಮ ಮಲಗಿದ್ದರು. ಹಿಂದಿನ ಸಂಜೆ ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡವರು ಆಟೋ ಬರುವ ಮೊದಲೇ ಹೋಗಿಬಿಟ್ಟಿದ್ದರು. ಅರವತ್ತೆರಡು ವರ್ಷ. ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ ಗಂಡ ಪದ್ಮನಾಭ ತೀರಿಕೊಂಡು ಏಳು ವರ್ಷವಾಗಿತ್ತು. ಗಂಡುಮಕ್ಕಳಿಲ್ಲದ್ದರಿಂದ ಕೊಳ್ಳಿ ಇಡಬೇಕಾದವನು ಅಳಿಯ, ರಂಜನಿಯ ಗಂಡ ಗುರುಚರಣ. ಅವನು ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ವಾಚು ನೋಡಿಕೊಳ್ಳುತ್ತಿದ್ದ.

"ಹನ್ನೊಂದಕ್ಕೆ ವ್ಯಾನ್ ಬರುತ್ತೆ. ನಿಮ್ಮ ಮಾವನೋರು ಎಲ್ಲಿದಾರಂತೆ?"

"ಕೋಯಂಬೇಡುಲಿ ಬಸ್ಸಿಳಿದು ಬೂತಿಂದ ಫೋನ್ ಮಾಡಿದ್ರು. ಆಟೋಲಿ ಬರ್ತಾ ಇದಾರೆ."

"ಚಿಕ್ಕಮ್ಮಾನೂ ಬರ್ತಿದಾರಾ?"

"ಸ್ವಂತ ಅಕ್ಕ ಅಲ್ವಾ? ಬರದೆ ಇರ್ತಾರಾ?"

ಹಾಗೆಂದಳೇ ಹೊರತು ರಂಜನಿಯ ಸಿಟ್ಟು ಇಳಿದಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಕನ ಕಾಗದವೇ ಬೇಡವೆಂದು ಹೇಳಿಕಳಿಸಿದವರು ಈಗ ಯಾವ ಮುಖ ಹೊತ್ತು ಬರುತ್ತಾರೆ?

ಅವರು ಬಂದಾಗ ಹತ್ತೂವರೆ. ಸೋದರಮಾವ ಕಿಟ್ಟು ಮುಂದೆ, ಅವರ ತೋಳು ಹಿಡಿದುಕೊಂಡು ಕಣ್ಣು ಕಾಣದ ಚಿಕ್ಕಮ್ಮ ಪುಟ್ಟತಾಯಮ್ಮ, ಹಿಂದೆ ಚೀಲ ಹೊತ್ತ ಕಿಟ್ಟು ಅವರ ಹೆಂಡತಿ ಸುಗುಣಾ. ಹೆಣವನ್ನು ಪೆಟ್ಟಿಗೆಯಿಂದ ತೆಗೆದು, ಬಾಬು ತಂದ ನೀರಿನಲ್ಲಿ ಮೀಯಿಸಿ ಚಾಪೆಯ ಮೇಲೆ ಮಲಗಿಸಿದ್ದರು. ಪುಟ್ಟತಾಯಮ್ಮ ಪಕ್ಕದಲ್ಲಿ ಕೂತು ಅಕ್ಕನ ಹಣೆ, ಮೂಗು, ಒಣಗಿದ ತುಟಿಗಳನ್ನು ಸವರಿದರು. ಅಳಲಿಲ್ಲ. ಬಲಗೈ ಹುಡುಕಿ, ತೋರುಬೆರಳಿನ ಪಕ್ಕವನ್ನು ತಮ್ಮ ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ನೋಡಿದರು.

"ಗಂಟಿಲ್ಲ" ಎಂದರು.

"ಏನು ಚಿಕ್ಕಮ್ಮ?"

"ಇಲ್ಲೊಂದು ಗಂಟಿತ್ತು ಕಣಮ್ಮ. ಮೊಳೆ ಒತ್ತಿ ಒತ್ತಿ ಕಲ್ಲಿನ ಹಾಗಾಗಿತ್ತು. ಕರಗಿಹೋಗಿದೆ. ಅಕ್ಕ ಬರೆಯೋದನ್ನೇ ಬಿಟ್ಟುಬಿಟ್ಟಿದ್ಲಾ?"

ರಂಜನಿಗೆ ತಡೆಯಲಾಗಲಿಲ್ಲ. "ಯಾರಿಗೆ ಅಂತ ಬರೀಬೇಕಿತ್ತು?"

"ನನಗೊಬ್ಬಳಿಗೇ ಬಿಟ್ಟಿದಾಳೆ ಅಂದ್ಕೊಂಡಿದ್ದೆ. ಯಾವುದೋ ಕುರುಡು ಮಕ್ಕಳ ಶಾಲೆಗೆ ಪುಸ್ತಕ ಬರ್ಕೊಡ್ತಿರಬೇಕು, ಪುರುಸೊತ್ತಿಲ್ಲ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ."

ರಂಜನಿ ಅವರ ಮುಖವನ್ನೇ ನೋಡಿದಳು. ಸುಳ್ಳು ಹೇಳುವ ಮುಖವಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಶಂಖ ಊದಿದರು. ಕಿಟ್ಟು ಮಾವ ಅವಸರವಸರವಾಗಿ ಪುಟ್ಟತಾಯಮ್ಮನ ತೋಳು ಎಳೆದು, "ಏಳು, ಏಳು, ವ್ಯಾನ್ ಬಂತು. ಮಾತಾಡೋ ಹೊತ್ತಲ್ಲ ಇದು" ಎಂದರು.

*

ಪುಟ್ಟತಾಯಮ್ಮನ ಕಣ್ಣು ಹೋದದ್ದು ಏಳನೆಯ ವಯಸ್ಸಿನಲ್ಲಿ, ಸಿಡುಬಿನಿಂದ. ಮೈಸೂರಿನ ಶಾಲೆಯೊಂದರಲ್ಲಿದ್ದು ಬ್ರೈಲ್ ಕಲಿತು ನಂಜನಗೂಡಿಗೆ ವಾಪಸು ಬಂದಾಗ ಅವರಿಗೆ ಓದಲು ಬರುತ್ತಿತ್ತು, ಆದರೆ ಮನೆಯಲ್ಲಿ ಓದಲು ಏನೂ ಇರಲಿಲ್ಲ. ಮದುವೆಯಾಗಿ ಮದರಾಸು ಸೇರಿದ್ದ ನಾಗರತ್ನಮ್ಮ ಬಾಣಂತನಕ್ಕೆ ತವರಿಗೆ ಹೋದವರು, ರಂಜನಿಯ ತೊಟ್ಟಿಲು ತೂಗುತ್ತಲೇ ತಂಗಿಯಿಂದ ಆ ಬರಹ ಕಲಿತರು. ದಪ್ಪ ಕಾಗದವನ್ನು ಹಲಗೆಗೆ ಸಿಕ್ಕಿಸಿ, ಬಲದಿಂದ ಎಡಕ್ಕೆ, ತಿರುಗುಮುರುಗಾಗಿ ಮೊಳೆಯಿಂದ ಒಂದೊಂದೇ ಚುಕ್ಕಿ ಚುಚ್ಚಬೇಕು. ಮಗುಚಿದರೆ ಚುಕ್ಕಿಗಳು ಉಬ್ಬಿ ಬೆರಳಿಗೆ ಸಿಗುತ್ತವೆ. ಹೊರಡುವ ದಿನ ಪುಟ್ಟತಾಯಮ್ಮ ತಮ್ಮಲ್ಲಿದ್ದ ಒಂದೇ ಒಂದು ಹಲಗೆಯನ್ನು ಅಕ್ಕನಿಗೆ ಕೊಟ್ಟುಬಿಟ್ಟರು.

"ನಾನು ಹೇಳಿದ್ದನ್ನ ಕಿಟ್ಟು ಕಾರ್ಡಲ್ಲಿ ಬರೀತಾನೆ. ನೀನು ಬರೆದಿದ್ದನ್ನ ಮಾತ್ರ ನಾನೇ ಓದ್ಕೋಬೇಕು."

ಅಲ್ಲಿಂದಾಚೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಪ್ರತಿ ಶುಕ್ರವಾರ ಮಧ್ಯಾಹ್ನ ಮಾಧವರಂನ ಆ ಮನೆಯಲ್ಲಿ ಟಕ್ ಟಕ್ ಎಂದು ಮೊಳೆಯ ಸದ್ದು ಕೇಳುತ್ತಿತ್ತು. ಮನೆಯವರು ಅದನ್ನು ಚುಕ್ಕಿ ಕಾಗದ ಎನ್ನುತ್ತಿದ್ದರು. ಅದರಲ್ಲಿ ಏನಿರುತ್ತದೆಂದು ರಂಜನಿ ಒಮ್ಮೆಯೂ ಕೇಳಲಿಲ್ಲ. ಅಮ್ಮ ಮನೆಯಲ್ಲಿ ಆಡುತ್ತಿದ್ದ ಮಾತೇ ಕಡಿಮೆ.

ಕಣ್ಣಿಲ್ಲದವರ ಕಾಗದಕ್ಕೆ ಸ್ಟಾಂಪು ಬೇಕಿಲ್ಲ. ಕಟ್ಟಿನ ಮೇಲೆ ಇಂಥದ್ದು ಎಂದು ಬರೆದು, ಒಂದು ತುದಿ ತೆರೆದಿಟ್ಟರೆ ಸಾಕು. ಬಸ್ಸಿನಲ್ಲಿ ಎರಡು ಸ್ಟಾಪ್ ಆಚೆಗಿದ್ದ ಪೋಸ್ಟಾಫೀಸಿನಲ್ಲಿ ಯಾರೂ ಯಾವತ್ತೂ ತಕರಾರು ತೆಗೆದಿರಲಿಲ್ಲ. ಎರಡು ಸಾವಿರದ ಒಂದರಲ್ಲಿ ಹೊಸ ಗುಮಾಸ್ತನೊಬ್ಬ ಬಂದ. ಅವನು ಕಟ್ಟು ತೆಗೆದುಕೊಳ್ಳುವಾಗ ತುಟಿ ಬಿಚ್ಚುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಒಮ್ಮೆಗೇ ನಾಲ್ಕು ಕಟ್ಟು ನಂಜನಗೂಡಿನಿಂದ ವಾಪಸು ಬಂದವು. ಅವನು ಒಂದೊಂದನ್ನೂ ತೂಗಿ, ಸ್ಟಾಂಪಿಲ್ಲದ ಬೇರಿಂಗ್ ಕಾಗದವೆಂದು ಗುರುತು ಹಾಕಿ, ತಲುಪಿದ ಕಡೆ ಎರಡರಷ್ಟು ವಸೂಲಿ ಮಾಡುವಂತೆ ಬರೆದುಬಿಟ್ಟಿದ್ದ. ಅದರ ಕೆಳಗೆ ಇನ್ನೊಂದು ಕೈಬರಹದಲ್ಲಿ, ಪಡೆಯಲು ನಿರಾಕರಿಸಿದ್ದಾರೆ ಎಂದಿತ್ತು.

ಮರುದಿನ ರಂಜನಿ ಅಮ್ಮನ ಜೊತೆ ಹೋಗಿದ್ದಳು. ಬ್ರೈಲ್‌ಗೆ ಸ್ಟಾಂಪಿಲ್ಲ ಎಂಬುದನ್ನು ಆ ಗುಮಾಸ್ತ ಒಪ್ಪಿಕೊಂಡ. ಆದರೆ ಕಳಿಸುವವರಿಗೂ ಕಣ್ಣಿರಬಾರದು ಎಂದು ಪಟ್ಟು ಹಿಡಿದ. ನಿಮಗೆ ಕಣ್ಣು ಚೆನ್ನಾಗಿಯೇ ಇದೆಯಲ್ಲ ಎಂದ.

"ಅಪ್ಪೋ ಎನ್ ಕಣ್ಣೆ ಕುತ್ತಿಕ್ಕಣುಮಾ?" ಎಂದರು ನಾಗರತ್ನಮ್ಮ. ಹಾಗಾದರೆ ನನ್ನ ಕಣ್ಣು ಚುಚ್ಚಿಕೊಳ್ಳಬೇಕಾ ಎಂದು. ಸಾಲಿನಲ್ಲಿದ್ದವರು ನಕ್ಕರು. ನಾಗರತ್ನಮ್ಮ ನಗಲಿಲ್ಲ.

ರಂಜನಿಗೆ ನಾಚಿಕೆಯಾಯಿತು. "ಅಮ್ಮ, ಸ್ಟಾಂಪ್ ಹಚ್ಚಿಬಿಡೋಣ. ದುಡ್ಡು ನಾನು ಕೊಡ್ತೀನಿ. ಇದಕ್ಕೆಲ್ಲ ಯಾಕೆ ಜಗಳ?"

"ದುಡ್ಡಿನ ಮಾತಲ್ಲ ಕಣೇ. ಅದು ಕನಿಕರಪಟ್ಟು ಕೊಟ್ಟಿದ್ದಲ್ಲ, ಕಾನೂನು ಕೊಟ್ಟಿದ್ದು. ಇವತ್ತು ನಾನು ಹಚ್ಚಿಬಿಟ್ರೆ, ನಾಳೆ ಈ ಕಿಟಕಿಗೆ ಬರೋ ಕುರುಡರೆಲ್ಲ ಹಚ್ಚಬೇಕಾಗುತ್ತೆ."

ಅವರು ಹಚ್ಚಲಿಲ್ಲ. ಸ್ಟಾಂಪಿಲ್ಲದೆಯೇ ಕಳಿಸುತ್ತ ಹೋದರು, ಕಟ್ಟುಗಳು ವಾಪಸು ಬರುತ್ತ ಹೋದವು. ಹಾಗೆ ಬಂದ ಕಟ್ಟು ಹನ್ನೊಂದಾದಾಗ ತಮ್ಮ ಕಿಟ್ಟುವಿಗೆ ಮಾಮೂಲಿ ಕಾಗದದಲ್ಲಿ ಎಲ್ಲ ವಿವರಿಸಿ, ಪುಟ್ಟಿಗೆ ಓದಿ ಹೇಳು ಎಂದು ಬರೆದರು. ಉತ್ತರವಾಗಿ ಒಂದು ಕಾರ್ಡು ಬಂತು. ಓದಿ ಹೇಳಿದವಳು ರಂಜನಿಯೇ. ನಾಗರತ್ನಮ್ಮ ಅದನ್ನು ಕೈಗೆ ತೆಗೆದುಕೊಂಡು ತಾವೂ ಒಮ್ಮೆ ಓದಿದರು. ಆಮೇಲೆ ಆ ಮನೆಯಲ್ಲಿ ಮೊಳೆಯ ಸದ್ದು ಕೇಳಲಿಲ್ಲ.

ಆದರೆ ಜಗಳ ಬಿಡಲಿಲ್ಲ. ಊದಿದ ಮಂಡಿಗಳಲ್ಲಿ ಬಸ್ಸು ಹತ್ತಿ ಇಳಿದು, ಒಬ್ಬರಾದ ಮೇಲೊಬ್ಬರು ಅಧಿಕಾರಿಯ ಮುಂದೆ ಕೂತು ಬಂದರು. ಒಂದು ಕಡೆ ನಿಯಮದ ಪುಸ್ತಕ ಸಿಗಲಿಲ್ಲ, ಇನ್ನೊಂದು ಕಡೆ ಸಾಹೇಬರು ರಜೆ. ಗುಮಾಸ್ತನಿಗೆ ವರ್ಗವಾಯಿತು, ಅವನ ಜಾಗಕ್ಕೆ ಬಂದವನೂ ಅದೇ ಮಾತು ಹೇಳಿದ. ಕಾಗದ ಬರೆಯುವುದನ್ನೇ ಬಿಟ್ಟಿರುವಾಗ ಈ ಹೋರಾಟ ಯಾತಕ್ಕೆ ಎಂದು ಗುರುಚರಣ ಕೇಳಿದರೆ ಚೀಲ ಎತ್ತಿಕೊಂಡು ಬಸ್ ಸ್ಟಾಪಿಗೆ ಹೊರಡುತ್ತಿದ್ದರು. ಎರಡು ಸಾವಿರದ ಮೂರರ ಫೆಬ್ರವರಿಯಲ್ಲಿ ಅಂಚೆ ಅದಾಲತ್ತಿನಲ್ಲಿ ದೊಡ್ಡ ಅಧಿಕಾರಿಯೊಬ್ಬರು ಹನ್ನೊಂದು ಕಟ್ಟನ್ನೂ ತಿರುವಿ ನೋಡಿ, ತಪ್ಪು ನಮ್ಮದೇ ಎಂದು ಒಪ್ಪಿ ಕೈಮುಗಿದರು. ಇನ್ನು ಮುಂದೆ ಧಾರಾಳವಾಗಿ ಕಳಿಸಿ ಅಮ್ಮ ಎಂದರು. ನಾಗರತ್ನಮ್ಮ ಆಗಲಿ ಎಂದು ಕಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡರು. ಬಸ್ಸಿನಲ್ಲಿ ಮನೆ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ ಉಳಿದದ್ದು ನಾಲ್ಕು ತಿಂಗಳು.

*

ಹೆಣ ಹೋದ ಮೇಲೆ ನೆಲ ತೊಳೆದು, ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಹೇಳದೆ ಎದ್ದುಹೋಗಿ, ನಾಲ್ಕೈದು ಜನ ವೆರಾಂಡದಲ್ಲಿ ಉಳಿದರು. ಒಳಗೆ ಪುಟ್ಟತಾಯಮ್ಮ ಗೋಡೆಗೆ ಒರಗಿದ್ದರು. ಸುಗುಣಾ ಕಾಲು ಮಡಚಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಅಮ್ಮ ಬರೆದ ಕಾಗದ ಎಲ್ಲ ವಾಪಸ್ ಬಂದವು ಚಿಕ್ಕಮ್ಮ" ಎಂದಳು ರಂಜನಿ. "ಹನ್ನೊಂದು. ನೀವು ಬೇಡ ಅಂದ್ರಿ ಅಂತ."

"ನಾನಾ? ಯಾವ ಕಾಗದ?"

ರಂಜನಿ ಸುಗುಣಾರನ್ನು ನೋಡಿದಳು. ಪುಟ್ಟತಾಯಮ್ಮನೂ ಅವರ ಉಸಿರು ಕೇಳುತ್ತಿದ್ದ ಕಡೆಗೇ ಮುಖ ತಿರುಗಿಸಿದರು.

"ವಾರ ವಾರ ಐವತ್ತು ರೂಪಾಯಿ ಹತ್ರ ಕೇಳೋನು ಪೋಸ್ಟ್‌ಮ್ಯಾನು" ಎಂದರು ಸುಗುಣಾ, ನೆಲ ನೋಡುತ್ತ. "ಆಗ ಇವರ ಮಿಲ್ಲು ಮುಚ್ಚಿತ್ತು. ಎರಡು ಸಲ ಪಕ್ಕದ ಮನೇಲಿ ಇಸ್ಕೊಂಡು ಕೊಟ್ಟೆ. ಮೂರನೇ ಸಲ ಕೇಳೋಕೆ ಮುಖ ಇರ್ಲಿಲ್ಲ. ವಾಪಸ್ ತಗೊಂಡ್ಹೋಗಪ್ಪ ಅಂದೆ. ವಾಪಸ್ ಹೋದ್ರೆ ದೊಡ್ಡತ್ತಿಗೆ ಸ್ಟಾಂಪ್ ಹಚ್ಚಿ ಕಳಿಸ್ತಾರೆ ಅಂದ್ಕೊಂಡೆ. ಅವರು ಹಂಗೇ ಕಳಿಸೋರು, ನಾನು ಹಂಗೇ ವಾಪಸ್ ಮಾಡೋಳು."

"ನನಗೆ ಒಂದು ಮಾತು ಹೇಳಿದ್ರೆ ಕಿವೀಲಿರೋ ಓಲೆ ಬಿಚ್ಚಿ ಕೊಡ್ತಿದ್ನಲ್ಲೇ."

"ಅದಕ್ಕೇ ಹೇಳ್ಲಿಲ್ಲ ಅತ್ತಿಗೆ."

ವೆರಾಂಡದಲ್ಲಿ ಯಾರೋ ಲಾರಿ ಮತ್ತೆ ಯಾವಾಗ ಬರುತ್ತದೆಂದು ಕೇಳುತ್ತಿದ್ದರು.

"ಯಾಕೆ ಬರೀತಿಲ್ಲ, ಮೈಗೆ ಹುಷಾರಿಲ್ವಾ ಅಂತ ಕಿಟ್ಟು ಕೈಲಿ ಎರಡು ಕಾರ್ಡು ಬರೆಸಿದೆ" ಎಂದರು ಪುಟ್ಟತಾಯಮ್ಮ. "ಅದೂ ಬರ್ಲಿಲ್ವಾ?"

"ಇಲ್ಲ. ಒಂದೇ ಕಾರ್ಡು ಬಂದಿದ್ದು. ಮಾವನ ಅಕ್ಷರ."

"ಏನಂತ?"

ರಂಜನಿಗೆ ಆ ಸಾಲು ಬಾಯಿಪಾಠವಾಗಿತ್ತು. ಬಗ್ಗಿ ದೀಪದ ಬತ್ತಿ ಸರಿಮಾಡಿದಳು. "ಏನಂತ ಹೇಳೇ" ಎಂದು ಪುಟ್ಟತಾಯಮ್ಮ ಗದರಿದ ಮೇಲೆ ಹೇಳಿದಳು. "ಪುಟ್ಟಕ್ಕನಿಗೆ ಇನ್ನು ನಿನ್ನ ಕಾಗದ ಬೇಡವಂತೆ. ಸುಮ್ಮನೆ ಕಳಿಸಿ ತೊಂದರೆ ಕೊಡಬೇಡ. ಇಷ್ಟೇ."

ಸುಗುಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ದೇವರಾಣೆ, ಇವರು ಹಿಂಗೆ ಬರೆದಿದ್ದು ನನಗೆ ಗೊತ್ತಿಲ್ಲ. ಕೈಲಿ ಕಾಸಿಲ್ಲ ಅಂತ ಅಕ್ಕನಿಗೆ ಹೆಂಗೆ ಬರೀಲಿ ಅಂತ ಮಾತ್ರ ಅಂತಿದ್ರು."

ಪುಟ್ಟತಾಯಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತರು. ಆಮೇಲೆ, "ಅಕ್ಕ ಅದನ್ನ ನಂಬಿದ್ಲಾ?" ಎಂದರು.

"ಪೂರ್ತಿ ನಂಬಿರ್ಲಿಲ್ಲ ಅಂತ ಕಾಣುತ್ತೆ" ಎಂದಳು ರಂಜನಿ. "ಬೇಡ ಅಂದೋಳ ಮುಂದೆ ನಾನು ಹೋಗಿ ನಿಲ್ಲಲ್ಲ, ನೀನೊಂದ್ಸಲ ಹೋಗಿ ಅವಳ ಬಾಯಿಂದಲೇ ಕೇಳ್ಕೊಂಡು ಬಾ ಅಂದ್ರು ನನಗೆ. ಆಫೀಸಲ್ಲಿ ಆಡಿಟ್ ಮುಗೀಲಿ ಅಂದೆ. ಆಮೇಲೆ ಮಗಳ ಪರೀಕ್ಷೆ ಅಂದೆ. ಮೂರನೇ ಸಲ ಅವರು ಕೇಳ್ಲಿಲ್ಲ. ನಾನೂ ಹೋಗ್ಲಿಲ್ಲ ಚಿಕ್ಕಮ್ಮ."

ಅಮ್ಮ ಸತ್ತಾಗಿನಿಂದ ಬಾರದಿದ್ದ ಅಳು ಅವಳಿಗೆ ಈಗ ಬಂತು. ಪುಟ್ಟತಾಯಮ್ಮ ಸಮಾಧಾನ ಹೇಳಲಿಲ್ಲ. ಅವಳು ಅತ್ತು ಮುಗಿದ ಮೇಲೆ ಕೈಚಾಚಿದರು.

"ಎಲ್ಲಿವೆ ಅವು?"

ಬೀರುವಿನ ಕೆಳಗಿನ ಅರೆಯಿಂದ ರಂಜನಿ ಕಟ್ಟುಗಳನ್ನು ತಂದು ಅವರ ಮಡಿಲಿಗೆ ಹಾಕಿದಳು. ಮೇಲೆಲ್ಲ ಸೀಲು, ಕೆಂಪು ಶಾಯಿಯ ಲೆಕ್ಕ, ಹೊಡೆದುಹಾಕಿದ ವಿಳಾಸ. ಪುಟ್ಟತಾಯಮ್ಮ ಹನ್ನೊಂದನ್ನೂ ಎಣಿಸಿ, ಕೈಗೆ ಸಿಕ್ಕ ಒಂದರ ದಾರವನ್ನು ಹಲ್ಲಿನಿಂದ ಕಡಿದರು. ದಪ್ಪ ಹಾಳೆಗಳನ್ನು ಮೊಣಕಾಲ ಮೇಲೆ ಬಿಡಿಸಿಕೊಂಡು ಬೆರಳಿಟ್ಟರು. ಎರಡು ವರ್ಷ ಓದಿರಲಿಲ್ಲವಾದ್ದರಿಂದ ಬೆರಳು ಮೊದಲು ತಡವರಿಸಿತು, ಒಂದೇ ಜಾಗದಲ್ಲಿ ಮೂರು ಸಲ ಸುತ್ತಿತು. ಆಮೇಲೆ ಸಾಲು ಹಿಡಿಯಿತು. ತುಟಿಗಳು ಸದ್ದಿಲ್ಲದೆ ಅಲುಗತೊಡಗಿದವು.

ಗಂಡಸರು ಸುಡುಗಾಡಿನಿಂದ ಬಂದಾಗ ಅವರು ನಾಲ್ಕನೆಯ ಹಾಳೆಯಲ್ಲಿದ್ದರು. ಗುರುಚರಣ ಒಳಗೆ ಬಂದು ದೀಪಕ್ಕೆ ಕೈಮುಗಿದು ಪಕ್ಕಕ್ಕೆ ಸರಿದ. ಅವನ ಹಿಂದೆ ಕಿಟ್ಟು ಮಾವ ಹೊಸಿಲ ಮೇಲೆ ಕಾಲಿಟ್ಟರು. ಪುಟ್ಟತಾಯಮ್ಮನ ಮಡಿಲಲ್ಲಿದ್ದ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು.

ಆಗ ಪುಟ್ಟತಾಯಮ್ಮ ನಕ್ಕರು. ಕಿಸಕ್ಕೆಂದು ಶುರುವಾದ ನಗು ತಡೆಯಲಾಗದೆ ಜೋರಾಯಿತು, ಭುಜಗಳು ಕುಲುಕಿದವು. ಸಾವಿನ ಮನೆಯಲ್ಲಿ ಇದೇನೆಂದು ವೆರಾಂಡದ ಹೆಂಗಸರು ಒಳಗೆ ಇಣುಕಿದರು. ಅಮ್ಮ ಮನೆಯಲ್ಲಿ ಯಾರನ್ನಾದರೂ ಹೀಗೆ ನಗಿಸಿದ್ದನ್ನು ರಂಜನಿ ಒಮ್ಮೆಯೂ ಕಂಡಿರಲಿಲ್ಲ.

"ಏನು ಬರೆದಿದಾರೆ ಚಿಕ್ಕಮ್ಮ?"

ಪುಟ್ಟತಾಯಮ್ಮ ತಾಳು ಎಂಬಂತೆ ಎಡಗೈ ಎತ್ತಿದರು. ಬಲಗೈಯ ಬೆರಳನ್ನು ಸಾಲಿನ ಮೊದಲಿಗೆ ತಂದು, ಅದನ್ನೇ ಇನ್ನೊಮ್ಮೆ ಓದಿ, ಇನ್ನೊಮ್ಮೆ ನಕ್ಕರು. ಕಿಟ್ಟು ಮಾವ ಒದ್ದೆ ಪಂಚೆಯಲ್ಲಿ, ಎರಡು ವರ್ಷ ತಾವೇ ತಡೆದಿಟ್ಟಿದ್ದ ಆ ನಗುವನ್ನು ಕೇಳುತ್ತ ನಿಂತಿದ್ದವರು, ಹೊಸಿಲ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.